ತೊಳೆಯದ ಕಲ್ಲು

ಪಿಎಚ್‌ಡಿಗೆ ನನ್ನ ಗೈಡ್ ಆಗಿದ್ದವರನ್ನು ನಾನು ಇನ್ನೂ ಕ್ಷಮಿಸಿಲ್ಲ. ಕ್ಷಮಿಸುವ ಉದ್ದೇಶವೂ ಇಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಬರೆಯುವ ನನಗೂ ಸಲೀಸು. ವಯಸ್ಸಾದವರು, ಗುರುಗಳು, ಹೊಳೆನರಸೀಪುರದ ಕಡೆ ದೊಡ್ಡ ಮನೆತನದವರು, ಹೋಗಲಿ ಬಿಡು ಎಂದು ಬುದ್ಧಿ ಹೇಳಿದವರು ಬೇಕಾದಷ್ಟು ಜನ. ನಾನು ಬಿಡಲಿಲ್ಲ.

ಬೆಂಗಳೂರಿನ ಅವರ ಪ್ರಯೋಗಾಲಯಕ್ಕೆ ನಾನು ಹಳ್ಳಿಮೈಸೂರಿನಿಂದ ಹೋಗಿ ಸೇರಿದ್ದೆ. ಅಲ್ಲಿ ನಡೆಯುತ್ತಿದ್ದದ್ದು ಉಲ್ಕಾಶಿಲೆಗಳ ಗಂಧಕದ ಅಧ್ಯಯನ. ಗಂಧಕ ಒಂದೇ ಆದರೂ ಅದರ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ಕೆಲವು ಹಗುರ, ಕೆಲವು ತುಸು ಭಾರ. ಅವನ್ನೇ ಐಸೋಟೋಪು ಎನ್ನುತ್ತೇವೆ. ಒಂದು ಗ್ರಹ ಹುಟ್ಟಿ ಕರಗಿದಾಗ ಕಬ್ಬಿಣ ನಡುವಿಗೆ ಇಳಿಯುತ್ತದೆ, ಇಳಿಯುವಾಗ ತನ್ನ ಜೊತೆ ಬಹಳಷ್ಟು ಗಂಧಕವನ್ನೂ ಎಳೆದುಕೊಂಡು ಹೋಗುತ್ತದೆ. ಮೇಲೆ ಉಳಿಯುವ ದಪ್ಪ ಕಲ್ಲಿನ ಪದರಕ್ಕೆ ಮ್ಯಾಂಟಲ್ ಎಂದು ಹೆಸರು. ಅಲ್ಲಿ ಉಳಿದ ಚೂರುಪಾರು ಗಂಧಕದಲ್ಲಿ ಹಗುರವೆಷ್ಟು, ಭಾರವೆಷ್ಟು ಎಂದು ಅಳೆದರೆ ಆ ಗ್ರಹದ ಹೊಟ್ಟೆಯೊಳಗೆ ಏನು ನಡೆದಿತ್ತೆಂದು ಊಹಿಸಬಹುದು. ಗ್ರಹ ಒಡೆದು ಚೂರಾಗಿ ಹೋಗಿದ್ದರೂ ಸರಿ, ಅದರ ಒಂದು ಕಲ್ಲು ನಮ್ಮ ಹೊಲಕ್ಕೆ ಬಿದ್ದಿದ್ದರೆ ಸಾಕು. ಈ ವಿಷಯ ಮೊದಲ ಸಲ ಓದಿದ ದಿನ ನನಗೆ ಊಟ ಸೇರಿರಲಿಲ್ಲ, ಅಷ್ಟು ಖುಷಿಯಾಗಿತ್ತು.

ಪ್ರಯೋಗಾಲಯದಲ್ಲಿ ನನಗೆ ಸಿಕ್ಕಿದ್ದು ಮಾತ್ರ ಗಾಜಿನ ಸಾಮಾನು ತೊಳೆಯುವ ಕೆಲಸ. "ನಿಮ್ಮ ಹಳ್ಳಿಮೈಸೂರು ಕಡೆ ಹೆಣ್ಮಕ್ಕಳು ಪಾತ್ರೆ ತೊಳೆಯೋದರಲ್ಲಿ ಎತ್ತಿದ ಕೈ. ನೀನು ಅದನ್ನು ನೋಡ್ಕೋ, ಯಂತ್ರ ನಾನು ನೋಡ್ಕೋತೀನಿ" ಎಂದು ಗೈಡ್ ಎಲ್ಲರೆದುರು ನಗುತ್ತಾ ಹೇಳಿದ್ದರು. ನಾನು ತೊಳೆದಿಟ್ಟ ಬೀಕರನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಕಣ್ಣು ಕಿರಿದು ಮಾಡಿ ತಳ ನೋಡುತ್ತಿದ್ದರು. ಆಮೇಲೆ ಅದನ್ನು ನನ್ನ ಕೈಗೇ ಕೊಟ್ಟು, "ಸರಿಯಾಗಿಲ್ಲಮ್ಮ. ಇನ್ನೊಂದು ಸಲ" ಎನ್ನುತ್ತಿದ್ದರು. ಬೀಕರು ಕನ್ನಡಿಯ ಹಾಗೆ ಹೊಳೆಯುತ್ತಿದ್ದರೂ ಅದೇ ಮಾತು. ನನ್ನ ಜೊತೆಗೇ ಸೇರಿದ ಗಂಡುಹುಡುಗರು ಗಂಧಕ ಅಳೆಯುವ ಯಂತ್ರದ ಮುಂದೆ ಕೂತಿರುತ್ತಿದ್ದರು, ನಾನು ಸಿಂಕಿನ ಮುಂದೆ ನಿಂತಿರುತ್ತಿದ್ದೆ.

ಹೀಗಿರುವಾಗ ಕಲ್ಲು ಬಿತ್ತು. ಬಿದ್ದದ್ದು ಹಿರೀಸಾವೆ ಹತ್ತಿರ, ನನ್ನ ಸೋದರತ್ತೆಯ ಮನೆಯವರ ರಾಗಿಹೊಲದಲ್ಲಿ. ಆಕಾಶದಲ್ಲಿ ಗುಡುಗಿದಂತಾಯಿತಂತೆ, ಮಾವ ಹೋಗಿ ನೋಡಿದರೆ ಮೈಯೆಲ್ಲ ಸುಟ್ಟು ಕಪ್ಪಾದ ಕಲ್ಲು ಎರಡು ಹೋಳಾಗಿ ಬಿದ್ದಿತ್ತಂತೆ. ಅತ್ತೆ ಫೋನು ಮಾಡಿ, "ನೀನು ಓದೋ ಕಲ್ಲು ನಮ್ಮ ಒಲಕ್ಕೇ ಬಂದ್ಬುಟ್ಟದೆ ಕಣವ್ವ" ಎಂದರು. ನಾನು ಕುಣಿದಾಡುತ್ತಾ ಗೈಡಿಗೆ ಹೇಳಿದೆ. ಅವರು, "ಈ ಕಲ್ಲು ನಿನ್ನದೇ. ಮೊದಲ ಹೆಸರು ನಿನ್ನದೇ ಇರುತ್ತೆ" ಎಂದರು. ನಂಬಿದೆ. ಮುಂದಿನ ವಾರವೇ ಅವರನ್ನು ಕರೆದುಕೊಂಡು ಅತ್ತೆಯ ಮನೆಗೆ ಹೋದೆ.

ಅತ್ತೆಯ ಮನೆಯಲ್ಲಿ ಸುಲಿಯದ ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು ಕೊಬ್ಬರಿ ಮಾಡುತ್ತಾರೆ. ಕಾಯಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ. ಹಾವು ಬರದಿರಲೆಂದು ಅತ್ತೆ ಅಟ್ಟದ ಮೂಲೆಗಳಿಗೆಲ್ಲ ಗಂಧಕದ ಪುಡಿ ಉದುರಿಸುತ್ತಿದ್ದರು. ಬೆಳೆಯ ಬೂದಿರೋಗಕ್ಕೆಂದು ತರುವ ಪುಡಿಯೇ ಅದು, ಹಿರೀಸಾವೆಯ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಆಕಾಶದಿಂದ ಬಿದ್ದ ಕಲ್ಲಿನ ಹತ್ತಿರ ಹಾವು ಬಂದು ಮಲಗುತ್ತದೆಂದು ಯಾರೋ ಹೇಳಿದ್ದರಂತೆ. ಅದಕ್ಕೇ ಅತ್ತೆ ದೊಡ್ಡ ಹೋಳನ್ನು ಅಟ್ಟಕ್ಕೇರಿಸಿ, ಅದರ ಬಿರುಕುಗಳಿಗೆಲ್ಲ ಗಂಧಕ ತುಂಬಿ ಉಜ್ಜಿ, ಅದೇ ಪುಡಿಯ ಖಾಲಿ ಚೀಲದಲ್ಲಿ ಕಟ್ಟಿಟ್ಟಿದ್ದರು. ಚಿಕ್ಕ ಹೋಳು ಹಿತ್ತಿಲ ಬಾಗಿಲು ಗಾಳಿಗೆ ಬಡಿಯದಂತೆ ಒತ್ತಾಗಿ ಕೆಳಗೇ ಉಳಿದಿತ್ತು.

ಗೈಡ್ ಜಗಲಿಯ ಮೇಲೆ ಮಾವನ ಜೊತೆ ಕೂತು ಮಳೆ, ಬೆಳೆ, ಬೀಗರು ಎಂದು ಮಾತಾಡಿದರು. ಒಳಬಾಗಿಲಲ್ಲಿ ನಿಂತು ಅತ್ತೆ, "ಸಾ, ಅದ್ಕೆ ಗಂಧ್ಕ ಆಕಿವ್ನಿ, ಕೈ ತೊಳ್ಕಳಿ" ಎಂದರು. ಅವರು ಆ ಕಡೆ ತಿರುಗಿಯೂ ನೋಡಲಿಲ್ಲ. ಹೆಂಗಸರು ಒಳಗಿನಿಂದ ಆಡಿದ ಮಾತಿಗೆ ಉತ್ತರ ಕೊಡುವ ಅಭ್ಯಾಸ ಅವರಿಗಿರಲಿಲ್ಲ. ಎರಡು ಹೋಳನ್ನೂ ತೋರಿಸಿದಾಗ, "ದೊಡ್ಡದೇ ಇರಲಿ" ಎಂದು ಕಾರಿಗೆ ಹಾಕಿಸಿಕೊಂಡರು. ಕೈಗೆ ಹತ್ತಿದ್ದನ್ನು ಕರವಸ್ತ್ರಕ್ಕೆ ಒರೆಸಿಕೊಂಡರು.

ಪ್ರಯೋಗಾಲಯಕ್ಕೆ ಬಂದ ಮೇಲೆ ನಾನೇ ಬಿಡಿಸಿ ಹೇಳಿದೆ. "ಸರ್, ಇದು ಮ್ಯಾಂಟಲ್ ಕಲ್ಲಿನ ಹಾಗಿದೆ. ಇದರ ಸ್ವಂತ ಗಂಧಕ ಬಹಳ ಕಡಿಮೆ. ಹೊರಗಿನ ಗಂಧಕ ಬಿರುಕಿನಲ್ಲಿದೆ. ಪುಡಿ ಮಾಡಿ ಮೊದಲು ಗಂಧಕ ಕರಗುವ ದ್ರಾವಣದಲ್ಲಿ ತೊಳೆದೇ ಮುಂದೆ ಹೋಗಬೇಕು. ನಾನು ತೊಳೆದುಕೊಡ್ತೀನಿ, ಒಂದಷ್ಟು ದಿನ ಬೇಕು." ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಕಲ್ಲು ನಿನ್ನ ಹತ್ತಿರವೇ ಇಟ್ಟುಕೊಳ್ಳೋಕೆ ಇದೊಂದು ನೆಪ ಅಲ್ವಾ?" ಎಂದರು. ಮರುದಿನ ಕಲ್ಲು ಇಟ್ಟ ಕೋಣೆಗೆ ಬೇರೆ ಬೀಗ ಬಿದ್ದಿತ್ತು. ನನಗೆ ಬೇರೆ ವಿಷಯ ಕೊಟ್ಟರು, ಸತ್ತ ವಿಷಯ. ಅದರಲ್ಲೇ ಹೇಗೋ ಪಿಎಚ್‌ಡಿ ಮುಗಿಸಿದೆ. ಅವರು ಬರೆದುಕೊಟ್ಟ ಶಿಫಾರಸು ಎಷ್ಟು ಸಪ್ಪೆಯಾಗಿತ್ತೆಂದರೆ ಸಂಶೋಧನೆಯ ಕೆಲಸ ಎಲ್ಲೂ ಸಿಗಲಿಲ್ಲ. ಹಾಸನದ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿಕೊಂಡೆ.

ಒಂದು ಸಲ ಹೇಳಿದ್ದೆ. ಎರಡನೆಯ ಸಲ ಹೇಳುವುದಿಲ್ಲ ಎಂದು ಅಂದೇ ತೀರ್ಮಾನ ಮಾಡಿದ್ದೆ. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಕಾಯುವುದು ನಮ್ಮ ಮನೆಯ ಹೆಂಗಸರಿಗೆ ಹೊಸದೇನಲ್ಲ. ಅತ್ತೆಯನ್ನು ಕೇಳಿ ಚಿಕ್ಕ ಹೋಳಿನಿಂದ ಒಂದು ಚೂರು ಒಡೆದುಕೊಂಡೆ. ಅಟ್ಟದ ಮೇಲಿನ ಗಂಧಕದ ಪುಡಿಯನ್ನೂ ಒಂದು ಡಬ್ಬಿಗೆ ತುಂಬಿಕೊಂಡೆ. ರಜೆ ಬಂದಾಗಲೆಲ್ಲ ರೈಲು ಹತ್ತಿ, ಬೇರೆ ಊರಿನ ಬೇರೆ ಪ್ರಯೋಗಾಲಯದಲ್ಲಿ ಜಾಗ ಬೇಡಿ ಕೆಲಸ ಮಾಡಿದೆ. ತೊಳೆದೆ, ಮತ್ತೆ ತೊಳೆದೆ. ಆಮ್ಲದಲ್ಲಿ ಕುದಿಸಿದಾಗ ಕೊಳೆತ ಮೊಟ್ಟೆಯ ವಾಸನೆಯ ಅನಿಲವಾಗಿ ಗಂಧಕ ಹೊರಬಂತು. ಅದನ್ನು ಬೆಳ್ಳಿಯ ದ್ರಾವಣದಲ್ಲಿ ಹಿಡಿದಾಗ ತಳಕ್ಕೆ ಕೂತದ್ದು ಕಾಡಿಗೆಯಷ್ಟು ಕಪ್ಪು ಪುಡಿ, ಉಗುರಿನ ತುದಿಯಲ್ಲಿ ಹಿಡಿಸುವಷ್ಟು. ಹಗುರ-ಭಾರದ ಲೆಕ್ಕಕ್ಕೆ ಒಂದು ಉಲ್ಕಾಶಿಲೆಯ ಗಂಧಕವನ್ನೇ ಸೊನ್ನೆ ಎಂದಿಟ್ಟುಕೊಂಡಿರುತ್ತೇವೆ. ಅಳೆದರೆ ಅದು ಬಹುತೇಕ ಉಲ್ಕಾಶಿಲೆಗಳ ಹಾಗೆಯೇ ಆ ಸೊನ್ನೆಯ ಆಸುಪಾಸಿನಲ್ಲಿತ್ತು. ಸಾಧುವಾದ, ಯಾರೂ ಬೆರಗಾಗದ ಉತ್ತರ. ನನಗೆ ಮಾತ್ರ ಹಬ್ಬ.

ಅಷ್ಟರಲ್ಲಿ ಗೈಡ್ ಲೋಕಕ್ಕೆಲ್ಲ ಸಾರಿಬಿಟ್ಟಿದ್ದರು. ಇದುವರೆಗೆ ಯಾರೂ ಕಾಣದ ಗಂಧಕ, ಯಾರೂ ಅರಿಯದ ಕಳೆದುಹೋದ ಗ್ರಹವೊಂದರ ಮ್ಯಾಂಟಲ್, ಅದು ಹಾಸನ ಜಿಲ್ಲೆಯ ಹೊಲಕ್ಕೆ ಬಂದಿದೆ ಎಂದು. ಪತ್ರಿಕೆಯಲ್ಲಿ ಫೋಟೋ ಬಂತು. ನನ್ನ ಹೆಸರು ಮೊದಲೂ ಇರಲಿಲ್ಲ, ಕೊನೆಯ ಕೃತಜ್ಞತೆಯಲ್ಲೂ ಇರಲಿಲ್ಲ. ಅವರು ಕೊಟ್ಟ ಅಂಕಿಯನ್ನು ನೋಡಿ ನಾನು ಒಬ್ಬಳೇ ಜೋರಾಗಿ ನಕ್ಕೆ. ಡಬ್ಬಿಯಲ್ಲಿದ್ದ ಪುಡಿಯನ್ನು ನಾನು ಆಗಲೇ ಅಳೆದಿದ್ದೆನಲ್ಲ.

ಊರಿನ ಹಿರಿಮೆ ಎಂದು ಹಾಸನದಲ್ಲೇ ಅವರ ಉಪನ್ಯಾಸ ಏರ್ಪಾಡಾಯಿತು. ಪೇಟ, ಶಾಲು, ಹಣ್ಣಿನ ಬುಟ್ಟಿ. ನಾನು ಒಳ್ಳೆಯ ರೇಷ್ಮೆ ಸೀರೆ ಉಟ್ಟು ಹೋಗಿದ್ದೆ, ಮದುವೆಗೆ ಹೋಗುವವಳ ಹಾಗೆ. ಅವರು ಮುಗಿಸಿದ ಮೇಲೆ ಎದ್ದು ನಿಂತೆ.

"ಸರ್, ಆಮ್ಲಕ್ಕೆ ಹಾಕೋ ಮೊದಲು ಕಲ್ಲನ್ನ ತೊಳೆದಿರಾ?"

ನನ್ನನ್ನು ಗುರುತಿಸಿ ನಕ್ಕರು. "ಆಕಾಶದಿಂದ ಬಂದದ್ದನ್ನ ಯಾಕಮ್ಮ ತೊಳೀಬೇಕು? ನಿನಗೆ ಇನ್ನೂ ತೊಳೆಯೋದರ ಮೇಲೇ ಗಮನ." ಸಭೆಯೂ ನಕ್ಕಿತು. ಆ ನಗು ನಿಲ್ಲುವವರೆಗೂ ನಾನು ನಿಂತೇ ಇದ್ದೆ. ಆಮೇಲೆ ನನ್ನ ಪೆನ್‌ಡ್ರೈವ್ ಹಾಕಿಸಿದೆ. ಪರದೆಯ ಮೇಲೆ ಮೂರೇ ಚುಕ್ಕೆ. ಒಂದು, ಅದೇ ಕಲ್ಲಿನ ಇನ್ನೊಂದು ಹೋಳು, ತೊಳೆದದ್ದು. ಎರಡು, ಅವರ ಕಳೆದುಹೋದ ಗ್ರಹ. ಮೂರನೆಯದು ಅವರ ಗ್ರಹದ ಮೈಗೇ ಅಂಟಿಕೊಂಡಿತ್ತು. "ಇದು ಯಾವ ಗ್ರಹ?" ಎಂದು ಮುಂದೆ ಕೂತ ಹಿರಿಯ ಪ್ರಾಧ್ಯಾಪಕರೊಬ್ಬರು ಕೇಳಿದರು.

"ಹಿರೀಸಾವೆ ಗೊಬ್ಬರದ ಅಂಗಡಿ ಸರ್. ನಮ್ಮತ್ತೆ ಹಾವಿಗೆ ಅಂತ ಹಾಕಿದ ಗಂಧಕ."

ಯಾರೂ ನಗಲಿಲ್ಲ, ಅದೇ ನನಗೆ ಬೇಕಾಗಿತ್ತು. ನಗುವಿನಲ್ಲಿ ಗೈಡ್ ತಪ್ಪಿಸಿಕೊಂಡುಬಿಡುತ್ತಿದ್ದರು. ಪೇಟ ಹಣೆಯಿಂದ ಜಾರುತ್ತಿದ್ದರೂ ಸರಿಮಾಡಿಕೊಳ್ಳದೆ ಅವರು ಪರದೆಯನ್ನೇ ನೋಡುತ್ತಿದ್ದರು. ಕನಿಕರವಾಗಬೇಕಿತ್ತು ಎಂದು ಆಮೇಲೆ ಗೆಳತಿಯೊಬ್ಬಳು ಅಂದಳು. ಆಗಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಹೊಟ್ಟೆ ತುಂಬ ಮಸಾಲೆದೋಸೆ ತಿಂದೆ.

ಕೆಲವು ದಿನದ ಮೇಲೆ, ಒಂದು ಭಾನುವಾರ ನಾನು ಅತ್ತೆಯ ಮನೆಯಲ್ಲಿದ್ದಾಗ, ಗೈಡ್ ಕಾರಿನಲ್ಲಿ ಬಂದರು. ಅದೇ ಜಗಲಿ. ಅತ್ತೆ ಕಾಫಿ ಕೊಟ್ಟರು, ಅವರು ಕುಡಿದರು. ಮಾವನ ಕಡೆ ತಿರುಗಿ ಚಿಕ್ಕ ಹೋಳು ಬೇಕೆಂದು ಕೇಳಿದರು. ಮಾವ, "ನಂದೇನೈತೆ ಸಾ, ಮಗೀನ ಕೇಳಿ" ಎಂದು ನನ್ನತ್ತ ಕೈ ತೋರಿಸಿದರು.

ನಾನು ಒಳಬಾಗಿಲಲ್ಲಿ ನಿಂತಿದ್ದೆ. ಮೊದಲ ಸಲ ಅವರು ಆ ಕಡೆ ತಿರುಗಿದರು.

"ಅದೊಂದು ಕೊಡಮ್ಮ. ಮತ್ತೆ ಮೊದಲಿಂದ ಮಾಡ್ತೀನಿ, ನಿನ್ನ ಹೆಸರೂ ಹಾಕ್ತೀನಿ. ಇಷ್ಟು ವರ್ಷದ ಹೆಸರು ನಂದು, ಹಾಳಾಗಿಹೋಗುತ್ತೆ."

"ತೊಳೆಯೋಕೆ ಬರುತ್ತಾ ಸರ್?"

ಅವರು ಕಾಫಿಯ ಖಾಲಿ ಲೋಟವನ್ನು ಜಗಲಿಯ ಮೇಲಿಟ್ಟರು.

"ಆ ಲೋಟ ತೊಳೆದು ತೋರಿಸಿ."

ಮನೆಗೆ ಬಂದವರು ತಾವು ಕುಡಿದ ಲೋಟ ತೊಳೆಯುವುದೆಂದರೆ ನಮ್ಮ ಕಡೆ ಆ ಮನೆಗೇ ಅವಮಾನ. ಅತ್ತೆ, "ಅಯ್ಯೋ, ಬ್ಯಾಡಿ ಸಾ!" ಎಂದು ಮುಂದೆ ಬಂದರು. ನಾನು ಅತ್ತೆಯ ಕೈ ಹಿಡಿದು ನಿಲ್ಲಿಸಿದೆ. "ಬುಡವ್ವ, ತೆಪ್ಪಾಯ್ತದೆ ಕಣೆ, ಮನೇಗ್ ಬಂದೋರು" ಎಂದರು ಅತ್ತೆ. ಬಿಡಲಿಲ್ಲ. ಆ ಸಿಟ್ಟಿಗೆ ಅತ್ತೆ ಎಷ್ಟೋ ದಿನ ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ.

ಗೈಡ್ ಎದ್ದರು. ಲೋಟ ಹಿಡಿದು, ನಡುಮನೆ ದಾಟಿ, ಒತ್ತಾಗಿ ಇಟ್ಟಿದ್ದ ಕಲ್ಲಿನ ಪಕ್ಕದಲ್ಲೇ ಹಿತ್ತಿಲಿಗಿಳಿದರು. ಪಂಚೆ ಮಡಚಿಕೊಂಡು ಒಗೆಯುವ ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ತೊಟ್ಟಿಯಿಂದ ನೀರು ಮೊಗೆದು ತೊಳೆದರು. ತಂದು ನನ್ನ ಕೈಗೆ ಕೊಟ್ಟರು.

ನಾನು ಲೋಟವನ್ನು ಹಿತ್ತಿಲ ಬಾಗಿಲ ಬೆಳಕಿಗೆ ಹಿಡಿದೆ. ಕಣ್ಣು ಕಿರಿದು ಮಾಡಿ ತಳ ನೋಡಿದೆ. ಸ್ಟೀಲಿನ ಲೋಟ ಥಳಥಳ ಹೊಳೆಯುತ್ತಿತ್ತು.

"ಸರಿಯಾಗಿಲ್ಲ ಸರ್," ಎಂದು ಅದನ್ನು ಅವರ ಕೈಗೇ ಕೊಟ್ಟೆ. "ಇನ್ನೊಂದು ಸಲ."