ಕೊಟ್ಟಿದ್ದಕ್ಕೆ ಹಾಕಿಸಿದ ಕಲ್ಲು

ನನ್ನ ಕೆಲಸ ಏನೆಂದು ಯಾರಿಗಾದರೂ ಹೇಳುವುದೇ ಒಂದು ಪಾಡು. ರೋಮ್ ದೊಡ್ಡದಾಗುವ ಮೊದಲು ದಕ್ಷಿಣ ಇಟಲಿಯ ಗುಡ್ಡಗಾಡಿನ ಜನ ಆಸ್ಕನ್ ಎಂಬ ಭಾಷೆ ಆಡುತ್ತಿದ್ದರು. ಅವರು ದೇವಸ್ಥಾನಗಳಲ್ಲಿ ಕಲ್ಲು, ಕಂಚಿನ ಮೇಲೆ ಬಿಟ್ಟುಹೋದ ಬರಹಗಳನ್ನು ನಾನು ಓದುತ್ತೇನೆ. ಒಂದು ಕಂಚಿನ ಹಲಗೆಯಲ್ಲಿ ಮಳೆಯ ದೇವತೆಗಳಿಗೆ, ಹೆರಿಗೆಯ ದೇವತೆಗೆ, ಧಾನ್ಯದ ತಾಯಿಗೆ, ಅವಳ ಮಗಳಿಗೆ ಎಂದು ಒಬ್ಬೊಬ್ಬರಿಗೂ ಜಾಗ ಹಂಚಿ ಸಾಲಾಗಿ ಬರೆದಿದೆ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದು ನನ್ನ ಗಂಡ ಛೇಡಿಸುತ್ತಿದ್ದರು. ಹಿಟ್ಟು ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ನೆವಾರ್ಕಿನಲ್ಲಿದ್ದ ಅವರ ಆಫೀಸಿನಿಂದ ಬರುತ್ತಿತ್ತು, ಹಾಗಾಗಿ ನಾನೂ ಸುಮ್ಮನಿರುತ್ತಿದ್ದೆ.

ಅವರಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ದಿನ, ಎವರ್‌ಗ್ರೀನ್ ಬಡಾವಣೆಯ ಮನೆಯಲ್ಲಿ ನಮ್ಮ ಜೊತೆಗೇ ಇದ್ದ ಉಡುಪಿಯ ಅತ್ತೆ ಅರಿಸಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ದೇವರ ಮುಂದೆ ಮುಡಿಪು ಇಟ್ಟರು.

"ಗುಣ ಆದ್ರೆ ಅವನನ್ನೇ ಕರ್ಕೊಂಡು ಬಂದು ಇದನ್ನು ಒಪ್ಪಿಸ್ತೇನೆ ಅಂತ ಊರಿನ ದೇವಿಗೆ ಹೇಳಿಕೊಂಡಿದ್ದೇನೆ. ನೀನೂ ಹೇಳಿಕೋ ಮಗಾ" ಎಂದರು.

ಎರಡು ಸಾವಿರ ವರ್ಷದ ಹಿಂದಿನವರ ಹರಕೆ ಓದಿ ಸಂಬಳ ಪಡೆಯುವವಳಿಗೆ ಸ್ವಂತಕ್ಕೊಂದು ಹರಕೆ ಹೊರಲು ನಾಚಿಕೆಯಾಯಿತು. ಆದರೂ ಹೇಳಿಕೊಂಡೆ. ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯ ಪಾರ್ಕಿಂಗಿನಲ್ಲಿ, ಕಾರೊಳಗೆ ಕೂತು, ನನ್ನ ತವರಿನ ದೇವರಿಗೆ ಹೇಳಿಕೊಂಡೆ, ಅತ್ತೆಯ ದೇವಿಗೆ ಹೇಳಿಕೊಂಡೆ, ಕೊನೆಗೆ ಆ ಧಾನ್ಯದ ತಾಯಿಗೂ ಹೇಳಿಕೊಂಡೆ. ಅವಳನ್ನು ಯಾರೂ ಏನೂ ಕೇಳದೆ ಎಷ್ಟೋ ಕಾಲವಾಗಿದೆ, ಬಿಡುವಾಗಿರಬಹುದು ಅನ್ನಿಸಿತ್ತು.

ಅವರು ಉಳಿಯಲಿಲ್ಲ.

ಸೆಮಿಸ್ಟರು ಶುರುವಾದ ಮೇಲೆ ಮತ್ತೆ ಆ ಬರಹಗಳನ್ನು ತೆರೆದೆ. ಅನುಗ್ರಹ ಕೊಟ್ಟಿದ್ದಕ್ಕೆ ಇಂಥವರು ಇದನ್ನು ಒಪ್ಪಿಸಿದರು ಎಂಬ ಮಾತು ಅಲ್ಲಿ ಬರುತ್ತದೆ. ಎಷ್ಟೋ ಸಲ ಓದಿ ಪಾಠ ಮಾಡಿದ್ದ ಮಾತು. ಕೊಟ್ಟಿದ್ದಕ್ಕೆ. ಸತ್ತು ಮಣ್ಣಾದ ಜನರ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಪುಸ್ತಕ ಮುಚ್ಚಿ ಅತ್ತುಬಿಟ್ಟೆ.

ಮುಡಿಪು ಇನ್ನೂ ದೇವರ ಮುಂದೆಯೇ ಇತ್ತು. ಒಂದು ಭಾನುವಾರ ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದೆ. ಅತ್ತೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಂದು ಅಡುಗೆಮನೆಯ ಕುರ್ಚಿಯಲ್ಲಿ ಕೂತರು.

"ಮಗಾ, ನಿನ್ನ ಆ ಕಲ್ಲುಗಳಲ್ಲಿ, ಕೇಳಿದ್ದು ಸಿಗದವರದ್ದು ಉಂಟಾ?"

"ನಾನು ಓದಿದ್ರಲ್ಲಿ ಇಲ್ಲ ಅತ್ತೆ. ಸಿಕ್ಕಿದವರು ಮಾತ್ರ ಹಾಕ್ಸಿದಾರೆ."

"ಸಿಗದವರೂ ಇದ್ದಿರ್ಬೇಕಲ್ಲ."

"ಇದ್ದೇ ಇರ್ತಾರೆ. ಅವರೇ ಜಾಸ್ತಿ ಇದ್ರೇನೋ."

ಅತ್ತೆ ಗಂಟನ್ನು ಮಡಿಲಲ್ಲಿಟ್ಟುಕೊಂಡರು. "ಅವರು ಎಂತ ಮಾಡಿದ್ರು ಹಾಗಾದ್ರೆ?"

"ಯಾರೂ ಬರೆದಿಟ್ಟಿಲ್ಲ. ಸುಮ್ನೆ ಮನೆಗೆ ಹೋಗಿರ್ಬೇಕು."

"ಮನೆಗೆ ಹೋಗಿ ಎಂತ ಮಾಡಿದ್ರು?"

ಅವರು ನಿಜವಾಗಿಯೂ ತಿಳಿಯಬೇಕೆಂದೇ ಕೇಳುತ್ತಿದ್ದರು. ಇಷ್ಟು ಓದಿದವಳಿಗೆ ಅಷ್ಟಾದರೂ ಗೊತ್ತಿರುತ್ತದೆ ಎಂದು ನಂಬಿದ್ದರು. ನಾನು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಅವರ ಪಕ್ಕದಲ್ಲಿ ಹೋಗಿ ಕೂತೆ. ಗಡಿಯಾರದಲ್ಲಿ ಇನ್ನೂ ಮಧ್ಯಾಹ್ನವಷ್ಟೇ ಆಗಿತ್ತು, ರಾತ್ರಿಯವರೆಗೆ ನಾವಿಬ್ಬರೂ ಏನಾದರೂ ಮಾಡಬೇಕಿತ್ತು.