ಮಸ್ತಾನ್ ಸಾಬರು ಮತ್ತು ಎರಡನೇ ನಂಬರಿನ ಕಾಯಿಲು

ಕಂಟೋನ್ಮೆಂಟ್ ಕಡೆಯ ಮಸ್ತಾನ್ ಸಾಬರ ಗ್ಯಾರೇಜಿನಲ್ಲಿ ಸತ್ತ ಸಾಮಾನುಗಳಿಗೆಂದೇ ಒಂದು ಗೋಡೆ ಮೀಸಲಾಗಿತ್ತು. ಸವೆದ ಬ್ರೇಕು, ಹರಿದ ಬೆಲ್ಟು, ಸುಟ್ಟ ವೈರು, ಎಲ್ಲವೂ ಮೊಳೆಗೆ ನೇತಾಡುತ್ತಿದ್ದವು. ಪ್ರತಿಯೊಂದರ ಕೆಳಗೂ ಸೀಮೆಸುಣ್ಣದಲ್ಲಿ ಅದು ಸತ್ತ ತಾರೀಖು. ಇದನ್ನೆಲ್ಲ ಗುಜರಿಗೆ ಹಾಕಬಾರದೇ ಎಂದು ಕೇಳಿದವರಿಗೆ ಅವರದು ಒಂದೇ ಉತ್ತರ: "ಯಾಕ ಸತ್ತೈತಿ ಅಂತ ತಿಳೀಲಾರದ ಮಣ್ಣು ಮಾಡಬಾರದ್ರಿ."

ಸಣಕಲು ಮೈ, ಚೌಕಳಿ ಲುಂಗಿ, ಕಿವಿಯ ಹಿಂದೆ ಸೀಮೆಸುಣ್ಣದ ತುಂಡು. ಬಿಳಿ ಗಡ್ಡದ ತುದಿಗೆ ಸದಾ ಒಂದಿಷ್ಟು ಗ್ರೀಸು. ಜನರ ಜೊತೆ ಕನ್ನಡ, ಮನೆಯಲ್ಲಿ ಉರ್ದು, ಗಾಡಿಗಳ ಜೊತೆ ಮಾತ್ರ ತೆಲುಗು. ಕೆಲಸ ಕಲಿಸಿದ ಉಸ್ತಾದರು ಆದೋನಿ ಕಡೆಯವರಂತೆ, ಹಾಗಾಗಿ ಎಂಜಿನ್ನಿಗೆ ತೆಲುಗೇ ತಿಳಿಯುವುದು ಎಂದು ಇವರು ನಂಬಿದ್ದರು. ಬಾನೆಟ್ ಎತ್ತಿದವರೇ ಒಳಗೆ ಬಗ್ಗಿ, "ಏಮಿರಾ, ಏಮಯಿಂದಿ ನೀಕು?" ಎಂದು, ಜ್ವರ ಬಂದ ಮಗುವನ್ನು ಏನಾಯಿತೋ ಎಂದು ಕೇಳುವ ಹಾಗೆ ಕೇಳುತ್ತಿದ್ದರು. ನಾನು ಮೊದಲ ಸಲ ನೋಡಿದಾಗ ಈ ಮನುಷ್ಯನಿಗೆ ಸ್ವಲ್ಪ ಲೂಸು ಇರಬೇಕು ಎಂದುಕೊಂಡೆ. ಆದರೆ ನನಗೆ ಬೇರೆ ಗತಿ ಇರಲಿಲ್ಲ.

ನಾನು ಕುರುಗೋಡಿನಲ್ಲಿ ಹೈಸ್ಕೂಲು ಟೀಚರು, ಮನೆ ಬಳ್ಳಾರಿಯ ಪಾರ್ವತಿನಗರ. ಹನ್ನೆರಡು ವರ್ಷ ಬಸ್ಸಿನ ಕಂಬ ಹಿಡಿದು ನಿಂತು ಸಾಕಾಗಿ, ನನ್ನದೇ ಉಳಿತಾಯದಲ್ಲಿ ಒಂದು ಹಳೇ ಕಾರು ಕೊಂಡಿದ್ದೆ. ನಲವತ್ತೆರಡನೇ ವಯಸ್ಸಿಗೆ ಸ್ಟೇರಿಂಗ್ ಹಿಡಿದೆ ಎಂದು ಓಣಿಯವರು ನಕ್ಕರೂ ನಾನು ಬಿಟ್ಟವಳಲ್ಲ. ಆ ಕಾರಿನಲ್ಲಿ ಕೂತರೆ ನಾನು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ, ಬರೀ ನಾನು. ಹಾಳಾದ್ದು, ಆ ಕಾರಿಗೇ ಕಾಯಿಲೆ ಬಡಿಯಿತು. ಎಂಜಿನ್ನಿನಲ್ಲಿ ಕಿಡಿ ಹುಟ್ಟಿಸಲು ನಾಲ್ಕು ಕಾಯಿಲುಗಳಿರುತ್ತವಲ್ಲ, ಅದರಲ್ಲಿ ಒಂದು ಸುಟ್ಟುಹೋಗುವುದು, ಗಾಡಿ ಕೆಮ್ಮಿ ಕೆಮ್ಮಿ ರಸ್ತೆ ಪಕ್ಕ ನಿಲ್ಲುವುದು. ಹೊಸದು ಹಾಕಿಸಿದರೆ ತಿಂಗಳೊಪ್ಪತ್ತಿಗೆ ಅದೂ ಹೋಗುವುದು. ಒಬ್ಬ ಮೆಕ್ಯಾನಿಕ್ ಮಾಲು ಡೂಪ್ಲಿಕೇಟು ಎಂದ, ಇನ್ನೊಬ್ಬ ವೈರಿಂಗ್ ಎಂದ. ಮೂರನೇ ಕಾಯಿಲು ಸುಟ್ಟ ದಿನ ನಮ್ಮವರು ಊಟದ ತಟ್ಟೆಯಿಂದ ತಲೆ ಎತ್ತದೆ ಹೇಳಿದರು: "ಇನ್ನೊಂದು ಸಲ ನಿಂತ್ರ ಮಾರಿಬಿಡಾಣ. ನೀ ಬಸ್ಸಿಗೇ ಹೋಗು." ಮಾರನೇ ದಿನ ಯಾರೋ ಹೇಳಿದರೆಂದು ಮಸ್ತಾನ್ ಸಾಬರ ಹತ್ತಿರ ಹೋದೆ.

ಅವರು ಬಾನೆಟ್ ಮುಟ್ಟಲೇ ಇಲ್ಲ. ಸ್ಟೂಲು ಹಾಕಿ, ಚಹಾ ತರಿಸಿ, "ಗಾಡಿ ಆಮ್ಯಾಲ ಹೇಳ್ತೈತಿ, ಮದ್ಲು ನೀವು ಹೇಳ್ರಿ ಟೀಚರಮ್ಮ" ಎಂದರು. ಎಲ್ಲ ಕೇಳಿಸಿಕೊಂಡು ಕೊನೆಗೆ, "ಹೊಸಾ ಕಾಯಿಲ್ ಹಾಕಾಕ ಹತ್ತು ನಿಮಿಷ. ಹಳೇದು ಯಾಕ ಸತ್ತಿತು ತಿಳಿಯಾಕ ಹತ್ತು ದಿನ. ಯಾವುದು ಬೇಕು?" ಎಂದು ಕೇಳಿದರು.

"ಹತ್ತು ದಿನದ್ದು," ಎಂದೆ.

"ಹಂಗಾದ್ರ ನೀವು ಗಾಡಿ ಇಟ್ಕೊಳ್ಳೋ ಪೈಕಿ," ಎಂದು ಎದ್ದರು.

ಆಮೇಲೆ ಒಳಗೆ ಬಗ್ಗಿ, ತೆಲುಗಿನಲ್ಲಿ ಯೋಗಕ್ಷೇಮ ವಿಚಾರಿಸಿ, ಕಾಯಿಲುಗಳನ್ನು ಒಂದೊಂದಾಗಿ ಎಳೆದರು. ಸತ್ತದ್ದು ಎರಡನೇ ನಂಬರಿನದು, ಹಿಂದಿನ ಎರಡು ಸಲವೂ ಅದೇ ಜಾಗದಿಂದ ಕಿತ್ತದ್ದು ನನಗೆ ನೆನಪಿತ್ತು. "ಅಂದ್ರ ಕಾಯಿಲ್ ತಪ್ಪಲ್ಲ, ಜಾಗದ ತಪ್ಪು," ಎಂದು ಅದು ಕೂರುವ ಕುಳಿಗೆ ಮೂಗು ಹಚ್ಚಿದರು. ನನಗೂ ಮೂಸಿ ನೋಡಲು ಹೇಳಿದರು. ಪೆಟ್ರೋಲು, ಎಣ್ಣೆಯ ಜೊತೆ ಸುಟ್ಟ ಬೆಲ್ಲದಂಥ ಒಂದು ಸಿಹಿ ವಾಸನೆ. ಟಾರ್ಚು ಬಿಟ್ಟು ನೋಡಿದರೆ ತಳದಲ್ಲಿ ಹತ್ತಿಪ್ಪತ್ತು ಸತ್ತ ಇರುವೆ. "ಎಂಜಿನ್ನಿಗೆ ಇರುವಿ ಹತ್ತಿದ್ದು ನಾ ನಲವತ್ತು ವರ್ಷದಾಗ ನೋಡಿಲ್ಲ ಬಿಡ್ರಿ," ಎಂದು ಗಡ್ಡ ಕೆರೆದುಕೊಂಡರು.

ಆ ಜಾಗಕ್ಕೆ ಹೊಸ ಕಾಯಿಲು ಹಾಕಿ, ನನ್ನ ಡಿಕ್ಕಿಯಲ್ಲಿದ್ದ ಹಳೇ ಎರಡನ್ನೂ ತೆಗೆಸಿ, ಸತ್ತ ಮೂರನ್ನೂ ಗೋಡೆಗೆ ನೇತುಹಾಕಿದರು. ತಾರೀಖು ಬರೆಯಬೇಕಲ್ಲ, ನನಗೆ ನೆನಪಿಲ್ಲ. ಆಗ ಹೊಳೆಯಿತು: ಗಾಡಿ ನಿಂತ ದಿನವೆಲ್ಲ ನಾನು ಶಾಲೆಗೆ ತಡ, ತಡವಾದ ದಿನವೆಲ್ಲ ಹಾಜರಿ ಪುಸ್ತಕದಲ್ಲಿ ನಮ್ಮ ಹೆಡ್ಮಾಸ್ತರ ಕೆಂಪು ಗೆರೆ. ಮಾರನೇ ದಿನ ಅದನ್ನು ನೋಡಿ ಮೂರು ತಾರೀಖು ತಂದುಕೊಟ್ಟೆ. ಸಾಬರು ಬರೆದು, ದೂರ ನಿಂತು ನೋಡಿ, ಗೋಡೆಯ ಕ್ಯಾಲೆಂಡರ್ ತಿರುವಿ ಹಾಕಿ, ತಮ್ಮಷ್ಟಕ್ಕೆ ನಗತೊಡಗಿದರು.

"ಟೀಚರಮ್ಮ, ನಾವು ಮಾಳಿಗಿ ಹತ್ತಿ ಚಾಂದ್ ನೋಡ್ತೀವಲ್ಲ, ತಿಂಗಳು ಸುರು ಆಗಾಕ. ಸರಿಯಾಗಿ ಅದೇ ಎರಡು ಮೂರು ದಿನದಾಗ ನಿಮ್ಮ ಗಾಡಿ ಸಾಯ್ತೈತಿ ನೋಡ್ರಿ. ಅಮಾಸಿ ದಿನ ನಿಮ್ಮ ಮನ್ಯಾಗ ಏನು ಮಾಡ್ತೀರಿ?"

ಏನು ಮಾಡುತ್ತೇವೆ? ಬಳ್ಳಾರಿಯಲ್ಲಿ ಎಲ್ಲರೂ ಮಾಡುವುದನ್ನೇ. ಗಾಡಿ ತೊಳೆದು ಪೂಜೆ ಮಾಡುತ್ತೇವೆ. ನಮ್ಮವರು ಬಾನೆಟ್ ಎತ್ತಿಟ್ಟು ಸ್ನಾನಕ್ಕೆ ಹೋಗುತ್ತಾರೆ, ನಾನು ಒಳಗೆ ಬುತ್ತಿ ಕಟ್ಟುತ್ತಿರುತ್ತೇನೆ, ಪೂಜೆಯೆಲ್ಲ ನಮ್ಮತ್ತೆಯದು. ಮೊದಲ ಕಾಯಿಲು ಹೋದ ಮೇಲೆ ಒಂದು ತೆಂಗಿನಕಾಯಿ ಒಡೆಯುತ್ತಿದ್ದದ್ದು ಎರಡಾಯಿತು. ಎರಡನೆಯದು ಹೋದ ಮೇಲೆ ಮೂರು. ಗಾಡಿಗೆ ಕೆಟ್ಟ ದೃಷ್ಟಿ ತಾಗಿದೆ ಎಂದು ನಮ್ಮತ್ತೆಗೆ ಖಾತ್ರಿಯಾಗಿತ್ತು. ಹಾಗಾಗಿ ಅವರು ಒಂದು ದಿನವೂ ಆ ಗಾಡಿ ಹತ್ತಿದವರಲ್ಲ. ಗಾಡಿಗೆ ಪೂಜೆ ಮಾಡುವರು, ಸಿರುಗುಪ್ಪದ ತಂಗಿಯ ಮನೆಗೆ ಬಸ್ಸಿನಲ್ಲಿ ಹೋಗುವರು.

ಮುಂದಿನ ಅಮಾವಾಸ್ಯೆ ಬೆಳಿಗ್ಗೆ ಸಾಬರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಮ್ಮ ಗೇಟಿಗೆ ಬಂದರು. ತಾವೇ ಬಾನೆಟ್ ಎತ್ತಿ ಕೊಟ್ಟು ಪಕ್ಕಕ್ಕೆ ಕೈಕಟ್ಟಿ ನಿಂತರು. ನಮ್ಮತ್ತೆ ಎಂಜಿನ್ನಿನ ನಟ್ಟನಡುವೆ ಮೂರು ಬೆರಳಿನ ವಿಭೂತಿ ಎಳೆದರು, ಕುಂಕುಮ ಇಟ್ಟರು, ಹೂ ಇಟ್ಟರು. ಕಾಯಿ ಒಡೆದರು. ಒಡೆದ ಕಾಯಿಯ ನೀರನ್ನು ಒಂದು ಹನಿ ಚೆಲ್ಲದ ಹಾಗೆ, ಕಣ್ಣು ಮುಚ್ಚಿ, ವಿಭೂತಿಯ ಮೇಲೆಯೇ ಸುರುವಿದರು. ಒಂದಲ್ಲ, ಮೂರು ಕಾಯಿಯ ನೀರು. ಅದು ಹರಿದು ಸೀದಾ ಎರಡನೇ ನಂಬರಿನ ಕುಳಿಗೆ ಇಳಿಯಿತು. ಈಗ ಸಾಬರು ಬಾಯಿ ಬಿಟ್ಟರೆ ನಮ್ಮ ಮನೆಯಲ್ಲಿ ಕುರುಕ್ಷೇತ್ರ. ನಮ್ಮತ್ತೆ ಸುಮ್ಮನಿದ್ದರೂ ನಮ್ಮವರು ತಾಯಿಯ ಮೇಲೆ ಹಾರಾಡುತ್ತಾರೆ, ಗಾಡಿ ಸಂಜೆಯೊಳಗೆ ಮಾರಾಟ.

ಸಾಬರು ಮಂಗಳಾರತಿ ಮುಗಿಯುವವರೆಗೆ ಕಾದರು. ಆಮೇಲೆ ಕೇಳಿದರು, "ಅಮ್ಮ, ಕೂಸಿಗೆ ಹಾಲು ಬಾಯಿಗೆ ಹಾಕ್ತೀರೋ ಮೂಗಿಗೋ?"

"ಬಾಯಿಗೆ. ಮೂಗಿಗೆ ಯಾರು ಹಾಕ್ತಾರಪ್ಪ?"

"ಇದು ಗಾಡಿ ಮೂಗು ರೀ ಅಮ್ಮ. ದುಡಿಯಾವು ಚಕ್ರ. ತೀರ್ಥ ದುಡಿಯಾವಕ್ಕ ಹಾಕಿದ್ರ ಅವು ಸುಖವಾಗಿ ಓಡ್ತಾವ."

ನಮ್ಮತ್ತೆ ನೀರು ಇಳಿದ ಕುಳಿಯನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿ, "ಇಷ್ಟ ತಾನೇ? ಚಕ್ರಕ್ಕ ಹಾಕಿದ್ರಾತು," ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಅಷ್ಟರಲ್ಲಿ ನಮ್ಮವರು ಟವೆಲ್ಲಿನಲ್ಲಿ ತಲೆ ಒರೆಸುತ್ತ ಬಂದು, ಏನು ಗೊತ್ತಾಯಿತು ಎಂದು ಕೇಳಿದರು. ಸಾಬರು ಕಾಯಿಲು ಕಿತ್ತು, ಅದರ ಬುಡದ ರಬ್ಬರ್ ಹಿಚುಕಿ ತೋರಿಸಿದರು. "ರಬ್ಬರು ಸೀಳಿ ಹೋಗೈತ್ರಿ ಸರ್. ಗಾಡಿ ತೊಳೆದಾಗ ನೀರು ಇಳೀತಿತ್ತು. ಹೊಸಾ ರಬ್ಬರ್ ಹಾಕಿಬಿಡ್ತೀನಿ, ಮುಗೀತು." ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸುಳ್ಳೇನಲ್ಲ, ರಬ್ಬರು ನಿಜವಾಗಿಯೂ ಸೀಳಿತ್ತು. ಕುಳಿ ತೊಳೆದು, ಊದಿ ಒಣಗಿಸಿ, ರಬ್ಬರು ಹಾಕಿ ಹೋದರು. ಅಂದಿನಿಂದ ಆರು ವರ್ಷ ಗಾಡಿ ಒಂದು ದಿನವೂ ದಾರಿಯಲ್ಲಿ ನಿಂತಿಲ್ಲ. ಮೊದಲ ವರ್ಷ ಮುಗಿಯುವಷ್ಟರಲ್ಲಿ ನಮ್ಮತ್ತೆ ಮುಂದಿನ ಸೀಟಿನಲ್ಲಿ ಕೂತು ಸಿರುಗುಪ್ಪಕ್ಕೆ ಹೊರಟೇಬಿಟ್ಟರು, ದಾರಿಯುದ್ದಕ್ಕೂ ನನಗೇ ಡ್ರೈವಿಂಗ್ ಹೇಳಿಕೊಡುತ್ತ.

ಕಣ್ಣು ಮಂದವಾದ ಮೇಲೆ ಸಾಬರು ಗ್ಯಾರೇಜು ಮುಚ್ಚಿ ರಾರಾವಿ ಊರಿನಲ್ಲಿದ್ದ ಮಗಳ ಮನೆಗೆ ಹೋದರು. ಕೊನೆಯ ಸಲ ನೋಡಿದ್ದು ಅಲ್ಲೇ. ನಮ್ಮತ್ತೆಯೂ ಬಂದಿದ್ದರು, ಕೈಯಲ್ಲಿ ಒಂದು ಸುಲಿದ ಕಾಯಿ.

"ಇದು ನನಗೋ, ಗಾಡಿಗೋ?" ಸಾಬರು ಅದನ್ನು ತಡವಿ ಕೇಳಿದರು.

"ನಿಮಗ. ಗಾಡೀದು ಚಕ್ರಕ್ಕ ಹಾಕೇ ಬಂದೀನಿ," ಎಂದರು ನಮ್ಮತ್ತೆ. ಇಬ್ಬರೂ ನಕ್ಕರು. ಹೊರಡುವಾಗ ಸಾಬರು ನನ್ನ ಕೈ ಹಿಡಿದು ಕಾರಿನ ತನಕ ಬಂದರು, ಸ್ಟಾರ್ಟ್ ಮಾಡಿಸಿ, ಬಾನೆಟ್ಟಿಗೆ ಕಿವಿ ಕೊಟ್ಟು ತೆಲುಗಿನಲ್ಲಿ ಏನೋ ಹೇಳಿದರು. ನನಗೆ ಕೇಳಿಸಲಿಲ್ಲ.

ಎರಡು ತಿಂಗಳಿಗೆ ಸಾಬರು ತೀರಿಕೊಂಡ ಸುದ್ದಿ ಬಂತು. ನನಗೆ ಅಳು ತಡೆಯಲಾಗಲಿಲ್ಲ, ಅಷ್ಟು ಅತ್ತದ್ದಕ್ಕೆ ನನಗೇ ಆಶ್ಚರ್ಯ. ಅದರ ನಂತರದ ಅಮಾವಾಸ್ಯೆಯಂದು ನಾನು ಗೇಟಿನ ಹತ್ತಿರ ನಿಂತಿದ್ದೆ. ನಮ್ಮತ್ತೆ ಮುಂದಿನ ಚಕ್ರಕ್ಕೆ ಕಾಯಿ ನೀರು ಹಾಕಿ, ಎದ್ದೇಳದೆ ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು.

"ಆ ಮೂರು ಕಾಯಿಲು ಸುಟ್ಟಾಕಿ ನಾನೇ ಅಂತ ನನಗ ಅವತ್ತೇ ತಿಳೀತು," ಎಂದರು ಚಕ್ರವನ್ನೇ ನೋಡುತ್ತ. "ನಿನ್ನ ಗಂಡ ಬಂದು ಕೇಳಿದಾಗ ನಾ ಬಾಗಿಲ ಹಿಂದೇ ಇದ್ದೆ. ಈಗ ಹೇಳ್ತಾನ, ಈಗ ಹೇಳ್ತಾನ ಅಂತ ಕಾದೆ. ಪುಣ್ಯಾತ್ಮ, ಎಲ್ಲಾ ರಬ್ಬರಿನ ಮ್ಯಾಲ ಹಾಕಿ ಹೋದ."