ನಳ್ಳಿ ಎತ್ತರವಾದ ಬೇಸಿಗೆ

ಕೊಡಪಾನ ಹಿಡಿದು ಸಾಲಿನಲ್ಲಿ ನಿಂತೇ ಮಗ್ಗಿ ಬಾಯಿಪಾಠ ಮಾಡಿದವರಿಗೆ ನಾನು ಯಾವ ಕಾಲದ ಮಾತು ಹೇಳುತ್ತಿದ್ದೇನೆಂದು ಕೂಡಲೇ ತಿಳಿದೀತು. ತೊಂಬತ್ತರ ದಶಕ ಮುಗಿಯುತ್ತಿದ್ದ ದಿನಗಳವು. ಕಾಪುವಿನ ಹೆದ್ದಾರಿಯಿಂದ ಕಡಲಿನ ಕಡೆಗೆ ಇಳಿಯುವ ಓಣಿಯಲ್ಲಿ ನಮ್ಮ ಮನೆ. ಶಿವರಾತ್ರಿ ಕಳೆಯಿತೆಂದರೆ ಅಲ್ಲಿನ ಬಾವಿಗಳೆಲ್ಲ ಉಪ್ಪಾಗುತ್ತಿದ್ದವು. ಆ ನೀರಿನಲ್ಲಿ ಹೆಸರುಕಾಳು ಬೇಯುತ್ತಿರಲಿಲ್ಲ, ಚಹಾಕ್ಕೆ ಹಾಲು ಹಾಕಿದರೆ ಒಡೆಯುತ್ತಿತ್ತು, ತಲೆಗೆ ತಿಕ್ಕಿದ ಸೋಪು ನೊರೆ ಬಾರದೆ ಜಿಡ್ಡಾಗಿ ಉಳಿಯುತ್ತಿತ್ತು. ಬೆಳಿಗ್ಗೆ ಒಂದು ಗಂಟೆ ಹೊತ್ತು ಪಂಚಾಯತಿನ ಟ್ಯಾಂಕಿನಿಂದ ಬರುವ ನಳ್ಳಿ ನೀರೇ ಗತಿ. ಓಣಿಗೆಲ್ಲ ಏಳು ನಳ್ಳಿ. ನಮ್ಮದು ಓಣಿಯ ತಗ್ಗಿನಲ್ಲಿ. ಕಟ್ಟಕಡೆಯದು ಐಶಕ್ಕನ ಮನೆಯೆದುರು, ಆಚೆಯ ದಿಬ್ಬದ ಮೇಲೆ.

ಮೊದಲು ಯಾರು ಶುರು ಮಾಡಿದರೋ ಗೊತ್ತಿಲ್ಲ. ಯಾರೋ ಒಬ್ಬರು ತಮ್ಮ ನಳ್ಳಿಯ ಪೈಪು ಕೊಯ್ದು ಒಂದು ಮೊಳ ಕೆಳಗಿಳಿಸಿದರು. ತಗ್ಗಿದಲ್ಲಿಗೆ ನೀರು ಹೆಚ್ಚು ಬಂತು. ನೋಡಿದ ಪಕ್ಕದವರು ಇನ್ನೂ ಇಳಿಸಿದರು. ಎದುರುಮನೆಯ ಗಿರಿಜಕ್ಕ ಗುಂಡಿ ತೋಡಿಸಿ ನಳ್ಳಿಯನ್ನು ಅದರೊಳಗೇ ಕೂರಿಸಿದರು. ಹಟಕ್ಕೆ ಬಿದ್ದ ನಮ್ಮಪ್ಪ ತೋಡಿದ ಗುಂಡಿಗೆ ಮೂರು ಮೆಟ್ಟಿಲು! ನನಗಂತೂ ಆ ಗುಂಡಿ ಸ್ವರ್ಗ. ನೀರು ನಿಂತ ಮೇಲೆ ಒದ್ದೆ ಮುರಕಲ್ಲಿನ ತಣ್ಣನೆಯ ವಾಸನೆಯಲ್ಲಿ ಕೂತು ನಾನೂ ಐಶಕ್ಕನ ಮಗಳು ಜುಬೇದಾಳೂ ಕಲ್ಲಾಟ ಆಡುತ್ತಿದ್ದೆವು. ನಮ್ಮ ಗುಂಡಿ ಕುಡಿಯುತ್ತಿದ್ದುದು ಅವಳ ಮನೆಯ ನೀರನ್ನು ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಹತ್ತಿರವಾಗುವಾಗ ಜುಬೇದಾ ಶಾಲೆಗೆ ಬರುವುದು ನಿಂತಿತು. ಕಾನ್ವೆಂಟಿನ ಸಿಸ್ಟರ್ ಹಾಜರಿ ಪುಸ್ತಕದ ಮೇಲೆ ಪೆನ್ಸಿಲ್ ಕುಟ್ಟುತ್ತ, "ಇನ್ನು ಕೆಲವು ದಿನ ತಪ್ಪಿದರೆ ಅವಳನ್ನು ಪರೀಕ್ಷೆಗೆ ಕೂರಿಸಲು ಆಗುವುದಿಲ್ಲ, ಹೇಳು ಅವಳಿಗೆ" ಎಂದರು. ನಾನು ಅಮ್ಮನಿಗೆ ಹೇಳಿದೆ. ಅಮ್ಮ ಐಶಕ್ಕನನ್ನು ಅಂಗಳಕ್ಕೆ ಕರೆದರು.

"ಎಂತ ಮಾರಾಯ್ತಿ, ಹುಡುಗಿಯನ್ನು ಯಾಕೆ ನಿಲ್ಲಿಸಿದ್ದು?"

"ನಿಲ್ಲಿಸಿದ್ದು ನಾನಲ್ಲ ಅಕ್ಕ, ನಳ್ಳಿ. ಅತ್ತೆ ಹಾಸಿಗೆಯಲ್ಲೇ ಇರುದು, ನಾನು ಬಿಟ್ಟು ಹೋಗ್ಲಿಕ್ಕೆ ಆಗ್ತದಾ? ಇವಳು ಗದ್ದೆಯಾಚೆಯ ಸಿಹಿನೀರಿನ ಬಾವಿಯಿಂದ ನಾಲ್ಕು ಸಲ ಹೊತ್ತು ಬರುವಾಗ ಬಸ್ಸು ಹೋಗಿರ್ತದೆ." ಐಶಕ್ಕ ನಮ್ಮ ಗುಂಡಿಗೆ ಇಣುಕಿ ನಕ್ಕರು. "ಇನ್ನೆರಡು ಮೆಟ್ಟಿಲು ಮಾಡಿಸಿ ಅಕ್ಕ, ಪಾತಾಳದ ನೀರೇ ಸಿಗಬಹುದು."

ಅಮ್ಮ ನಗಲಿಲ್ಲ. ಆ ದಿನ ಗಂಜಿಗೆ ಚಟ್ನಿ ಅರೆಯುವುದನ್ನೂ ಮರೆತರು.

ಅದೇ ವಾರ ಪಂಚಾಯತಿನವರು ತುಕ್ಕು ಹಿಡಿದ ಕಬ್ಬಿಣದ ಲೈನು ತೆಗೆದು ಹೊಸ ಪಿವಿಸಿ ಪೈಪು ಹಾಕಲು ಬಂದರು. ಓಣಿಯವರಿಗೆಲ್ಲ ಖುಷಿಯೋ ಖುಷಿ. ಪಂಪು ಬಿಡುವ ಶೇಖರಣ್ಣ ಮಾತ್ರ ತಲೆಯಾಡಿಸಿದರು. "ಬೆಳ್ಳಿಯ ಪೈಪು ಹಾಕಿದರೂ ಗುಂಡಿ ಉಂಟಲ್ವಾ, ನೀರು ಗುಂಡಿಗೇ. ದಿಬ್ಬ ಹತ್ತುದಿಲ್ಲ."

"ಹಾಗಾದರೆ ಆಳದವರು ಮೊದಲು ಮುಚ್ಚಲಿ" ಎಂದರು ಗಿರಿಜಕ್ಕ, ನಮ್ಮ ಮನೆಯ ಕಡೆ ನೋಡುತ್ತಲೇ.

ಮರುದಿನ ನೀರು ನಿಂತದ್ದೇ ಅಮ್ಮ ಸೀರೆ ಎತ್ತಿ ಕಟ್ಟಿ ಹಾರೆ ಹಿಡಿದರು. "ಅಪ್ಪನನ್ನು ಕೇಳಿದ್ದೀಯಾ?" ಎಂದೆ. "ತೋಡುವಾಗ ಅವರು ನನ್ನನ್ನು ಕೇಳಿದ್ದರಾ?" ಎಂದು ಮೊದಲ ಬುಟ್ಟಿ ಮಣ್ಣು ಸುರಿದರು. ಗಿರಿಜಕ್ಕ ಬೇಲಿಯಿಂದಲೇ, "ಮಳೆ ಬರುವವರೆಗೆ ಮಕ್ಕಳಿಗೆ ಎಂತ ಕುಡಿಸುತ್ತೀರಿ?" ಎಂದು ಕೇಳಿದರು. "ಎಲ್ಲರ ಮಕ್ಕಳು ಕುಡಿಯುವುದನ್ನೇ." ಸಂಜೆಯೊಳಗೆ ಮೂರು ಮೆಟ್ಟಿಲೂ ಮಣ್ಣಿನಡಿ ಹೋದವು. ಇನ್ನೆರಡು ದಿನಗಳಲ್ಲಿ ಉಳಿದ ಗುಂಡಿಗಳೂ ಒಂದೊಂದಾಗಿ ಮುಚ್ಚಿದವು. ಗಿರಿಜಕ್ಕ ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಏಳೂ ನಳ್ಳಿ ಒಂದೇ ಮಟ್ಟಕ್ಕೆ ಇರಬೇಕು, ಒಂದು ಬೆರಳೂ ಹೆಚ್ಚುಕಡಿಮೆ ಆಗಬಾರದು.

ಮಟ್ಟ ನೋಡಿದ್ದು ಪೈಪಿನ ಕೆಲಸಕ್ಕೆ ಬಾಗಲಕೋಟೆ ಕಡೆಯಿಂದ ಬಂದಿದ್ದ ಯಲ್ಲಪ್ಪ. ಅವನ ಬಳಿ ನೀರು ತುಂಬಿದ ಉದ್ದನೆಯ ಪಾರದರ್ಶಕ ಟ್ಯೂಬು ಇತ್ತು. ಎರಡು ತುದಿಗಳನ್ನು ಎರಡು ಕಡೆ ಎತ್ತಿ ಹಿಡಿದರೆ ಒಳಗಿನ ನೀರು ಎರಡರಲ್ಲೂ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅಲ್ಲೇ ಗುರುತು. ದಿಬ್ಬದ ಮೇಲಿನ ಐಶಕ್ಕನ ನಳ್ಳಿಗೆ ನೆಲದಿಂದ ಒಂದೇ ಗೇಣು ಎತ್ತರ ಇಟ್ಟು, ಅಲ್ಲಿಂದ ಗುರುತು ಹಾಕುತ್ತ ಅವನು ಕೆಳಗೆ ಬಂದ. ನೆಲ ತಗ್ಗಿದಷ್ಟೂ ಗುರುತು ಮೇಲೇರಿತು. ನಮ್ಮ ಸರದಿ ಬಂದಾಗ ಟ್ಯೂಬಿನ ಈಚೆಯ ತುದಿ ಹಿಡಿಯಲು ನನಗೆ ಹೇಳಿದ. ನೋಡುತ್ತಿದ್ದಂತೆ ನೀರು ನನ್ನ ಎದೆ ದಾಟಿ ಏರತೊಡಗಿತು. ಅಷ್ಟು ಎತ್ತರಕ್ಕೆ ನಮ್ಮ ನೀರು ಎಷ್ಟು ಸಣ್ಣಗೆ ಬಂದೀತು! ಯಾರಿಗೂ ಕಾಣದ ಹಾಗೆ ನಾನು ಟ್ಯೂಬಿನ ಬಾಯಿಗೆ ಹೆಬ್ಬೆರಳು ಒತ್ತಿದೆ. ನೀರು ಅಲ್ಲೇ ನಿಂತಿತು.

ಅಮ್ಮ ಇದ್ದಿಲು ಹಿಡಿದು ಗುರುತು ಹಾಕಲು ಬಗ್ಗಿದರು.

"ತಡೀರಿ ಅಕ್ಕಾರ" ಆಚೆಯಿಂದ ಯಲ್ಲಪ್ಪ ಕೂಗಿದ. "ನೀರು ನನ್ ಕಡೆ ಇಳೀವಲ್ದು. ತಂಗೆವ್ವ, ಬೆರಳ ಎಲ್ಲೈತಿ ನಿಂದು?"

ಅಮ್ಮ ನನ್ನ ಕೈ ನೋಡಿದರು. ಎಲ್ಲರೆದುರು ಬಯ್ಯುತ್ತಾರೆಂದು ಕಣ್ಣು ಮುಚ್ಚಿದೆ. ಬಯ್ಯಲಿಲ್ಲ. ಮೆಲ್ಲನೆ, ನನಗೊಬ್ಬಳಿಗೇ ಕೇಳುವಂತೆ, "ಜುಬೇದಾ ದಿಬ್ಬದ ಮೇಲಿಂದ ನೋಡ್ತಾ ಇದ್ದಾಳೆ" ಎಂದರು. ನಾನೇ ಬೆರಳು ತೆಗೆದೆ. ನೀರು ನನ್ನ ಗಲ್ಲದವರೆಗೆ ಏರಿ ನಿಂತಿತು. ಗುರುತನ್ನೂ ನಾನೇ ಹಾಕಿದೆ.

ಹೊಸ ಪೈಪಿನ ಅಂಟಿನ ಘಾಟು ಇನ್ನೂ ಆರದ ಒಂದು ಬೆಳಿಗ್ಗೆ ಶೇಖರಣ್ಣ ನೀರು ಬಿಟ್ಟರು. ನಮ್ಮ ನಳ್ಳಿಯಿಂದ ಕಿರುಬೆರಳು ಗಾತ್ರದ ಧಾರೆ ಎತ್ತರದಿಂದ ಬಿದ್ದು ಅರ್ಧ ಹೊರಗೇ ಸಿಡಿಯಿತು. "ಒಂಟೆಗೆ ನೀರು ಕುಡಿಸ್ಲಿಕ್ಕಾ?" ಎಂದು ಗಿರಿಜಕ್ಕ ಹೊಟ್ಟೆ ಹಿಡಿದು ನಕ್ಕರು. ಆಗಲೇ ದಿಬ್ಬದ ಮೇಲಿಂದ ಜುಬೇದಾಳ ಕೂಗು ಕೇಳಿತು: "ಬಂತು! ಉಮ್ಮಾ, ಬಂತು!"

ಮರುದಿನ ಅವಳು ಬಸ್ಸಿನಲ್ಲಿದ್ದಳು. ಪರೀಕ್ಷೆಯಲ್ಲಿ ನನ್ನ ಮುಂದಿನ ಬೆಂಚಿನಲ್ಲೇ ಕೂತು, ಗಣಿತದಲ್ಲಿ ನನಗಿಂತ ಹೆಚ್ಚು ಅಂಕ ತೆಗೆದಳು.

ಈಗ ನಾನಿರುವುದು ಮಣಿಪಾಲದ ಫ್ಲಾಟಿನಲ್ಲಿ. ತಿರುಗಿಸಿದರೆ ನೀರು ಬರುತ್ತದೆ, ಬಾರದಿದ್ದರೆ ಕೆಳಗೆ ಫೋನು ಮಾಡಿದರಾಯಿತು. ಓಣಿಯಲ್ಲೂ ಈಗ ಮನೆಮನೆಗೆ ಬೋರ್‌ವೆಲ್ಲು. ಯಾರ ಕೊಡ ತುಂಬಿತು, ಯಾರದ್ದು ಖಾಲಿ ಎಂದು ಯಾರೂ ಇಣುಕುವುದಿಲ್ಲ. ಅಂದು ಏಳು ನಳ್ಳಿಗಳ ಲೈನಿನ ಕಡೆಯ ಮನೆ ಯಾರದೆಂದು ನನಗೆ ಗೊತ್ತಿತ್ತು, ಆ ಮನೆಯ ಹುಡುಗಿಯ ಹೆಸರೂ ಗೊತ್ತಿತ್ತು. ಇಂದು ಪಾತ್ರೆ ತೊಳೆಯುತ್ತ ಎಷ್ಟೋ ಸಲ ಯೋಚಿಸುತ್ತೇನೆ: ನನ್ನ ಅಡುಗೆಮನೆ ದಾಟಿ ಹೋಗುವ ಈ ಪೈಪು ಯಾರ ಮನೆಯಲ್ಲಿ ಕೊನೆಯಾಗುತ್ತದೆ? ಕೇಳೋಣವೆಂದರೆ, ಪಕ್ಕದ ಮನೆಯವರಿಗೂ ಗೊತ್ತಿಲ್ಲ.